ಪಾರ್ಕಿನಲ್ಲಿ ಬೆಂದ ಬೆರಕೆಸೊಪ್ಪು

ಶಿವಮೊಗ್ಗದ ಪಾರ್ಕಿನ ಆ ದಿನಗಳನ್ನು ಕುರಿತು ಯಾರು ಬರೆದರೂ ಬ್ಯಾಂಡ್ ಬಾರಿಸುತ್ತಿದ್ದ ಮಂಟಪದಿಂದಲೇ ಶುರು ಮಾಡುತ್ತಾರೆ. ಆಮೇಲೆ ಗುಲಾಬಿ ಪಾತಿ, ಕಲ್ಲು ಬೆಂಚು, ಸಂಜೆಯ ತಂಗಾಳಿ. ಬರೆಯಲಿ, ಬೇಡ ಅನ್ನುವುದಿಲ್ಲ. ಬೆಂಚಿನ ಮೇಲೆ ಕೂತು ಅವರು ಕಂಡದ್ದು ಅದು. ನಾನು ಆ ಪಾರ್ಕನ್ನು ಒಂಬತ್ತು ವರ್ಷದವಳಾಗುವವರೆಗೆ ಕಂಡದ್ದು ಬೇಲಿಯ ಕಬ್ಬಿಣದ ಸರಳುಗಳ ಸಂದಿಯಿಂದ. ಹಾಗಾಗಿ ನಾನು ಕಳೆಯಿಂದ ಶುರು ಮಾಡುತ್ತೇನೆ. ಓದುವವರು ಮೂಗು ಮುರಿದರೆ ಮುರಿಯಲಿ.

ಆಗ ಯುದ್ಧದ ಕಾಲ. ಯುದ್ಧ ಎಲ್ಲಿ ನಡೆಯುತ್ತಿತ್ತೋ ನಮಗೇನು ಗೊತ್ತು? ಅಕ್ಕಿ ಸಿಗುವುದಿಲ್ಲ, ಸೀಮೆಎಣ್ಣೆ ಸಿಗುವುದಿಲ್ಲ, ಬೇಳೆಯ ಮುಖ ನೋಡಿ ತಿಂಗಳಾಯಿತು, ಇಷ್ಟೇ ನಮ್ಮ ಕೇರಿಗೆ ಗೊತ್ತಿದ್ದ ಯುದ್ಧ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕೂಲಿಗೆ ಸೇರಿಕೊಂಡು ವಾರಕ್ಕೊಮ್ಮೆ, ಭಾನುವಾರ, ಮನೆಗೆ ಬರುತ್ತಿದ್ದ. ಅಮ್ಮನ ಹೆಸರು ಹಾಲಮ್ಮ, ಹೊಳಲೂರಿನ ಕಡೆಯವಳು. ಅವಳು ಪಾರ್ಕಿನಲ್ಲಿ ಕಳೆ ಕೀಳುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ನಾನು ಮತ್ತು ನನ್ನ ತಮ್ಮ. ಈಗ ನನ್ನನ್ನು ರಿಟೈರಾದ ಟೀಚರಮ್ಮ ಎಂದು ಎಲ್ಲರೂ ಬಹುವಚನದಲ್ಲಿ ಮಾತಾಡಿಸುತ್ತಾರೆ. ಆಗ ನಾನು ಬರೀ ಚೌಡಿ.

ಕಳೆ ಕೀಳುವವರು ಐದು ಜನ ಹೆಂಗಸರು. ಬೆಳಿಗ್ಗೆ ಎಂಟಕ್ಕೆ ಹಿಂದಿನ ಸಣ್ಣ ಗೇಟಿನಿಂದ ಒಳಗೆ, ಸಂಜೆ ಐದಕ್ಕೆ ಅದೇ ಗೇಟಿನಿಂದ ಹೊರಗೆ. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಕೂತ ಹಾಗೆಯೇ ಮುಂದೆ ಮುಂದೆ ಸರಿಯುತ್ತ ಇಡೀ ಪಾರ್ಕನ್ನು ಬೆರಳಲ್ಲಿ ಬಾಚುತ್ತಿದ್ದರು. ಕಿತ್ತದ್ದೆಲ್ಲ ಪಾರ್ಕಿನವರ ಲೆಕ್ಕಕ್ಕೆ ಕಳೆ. ಅಮ್ಮನ ಕಣ್ಣಿಗೆ ಅದು ಗಣಿಕೆ, ಹೊನಗೊನೆ, ಅಣ್ಣೆ, ಗೋಣಿಸೊಪ್ಪು, ಒಂದೆಲಗ. ಬೇರು ಕಿತ್ತು ಬಿಸಾಕುವ ಮೊದಲು ಎಳೆ ಚಿಗುರನ್ನು ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಹೊತ್ತಿಗೆ ಐವರ ಮಡಿಲೂ ಉಬ್ಬಿರುತ್ತಿತ್ತು. ಇದನ್ನು ಯಾರೂ ಯಾರಿಗೂ ಬರೆದುಕೊಟ್ಟಿರಲಿಲ್ಲ. ಹೊಲದಲ್ಲಾಗಲಿ ತೋಟದಲ್ಲಾಗಲಿ ಕಳೆ ಕಿತ್ತವಳಿಗೆ ಸೊಪ್ಪು ಎನ್ನುವುದು ನಮ್ಮ ಕಡೆ ಕೇಳಿ ಮಾಡುವ ವಿಷಯವೇ ಅಲ್ಲ. ಐವರಲ್ಲಿ ಹಿರಿಯಳಾದ ತಿಮ್ಮಕ್ಕ ಆ ಪಾರ್ಕಿಗೆ ಮಣ್ಣು ಹೊತ್ತ ಕಾಲದಿಂದ ಇದ್ದವಳು. ಹೂವು ಪಾರ್ಕಿಂದು, ಸೊಪ್ಪು ನಮ್ದು ಎಂದು ಅವಳು ಹೇಳಿದರೆ ಮುಗಿಯಿತು, ಅದೇ ಕಾನೂನು.

ಅಮ್ಮ ಮನೆಗೆ ಬಂದು ಮಡಿಲು ಬಿಚ್ಚಿದರೆ ಹಸಿ ಮಣ್ಣು, ಹಿಂಡಿದ ಎಲೆ, ಅವಳ ಬೆವರು ಎಲ್ಲ ಸೇರಿದ ಒಂದು ವಾಸನೆ ಗುಡಿಸಲ ತುಂಬ ಹರಡಿಕೊಳ್ಳುತ್ತಿತ್ತು. ಮೊರದಲ್ಲಿ ಸೊಪ್ಪು ಸುರಿದು ಸೋಸುವ ಕೆಲಸ ನನ್ನದು. ಗಣಿಕೆಯ ಕಪ್ಪು ಹಣ್ಣು ಹುಡುಕುವ ಕೆಲಸ ತಮ್ಮನದು, ತಿನ್ನುವ ಕೆಲಸ ಇಬ್ಬರದು. ಯಾರು ಹೆಚ್ಚು ತಿಂದರು ಎಂದು ಕನ್ನಡಿಯಿಲ್ಲದ ಮನೆಯಲ್ಲಿ ಒಬ್ಬರಿಗೊಬ್ಬರು ನೀಲಿ ನಾಲಿಗೆ ತೋರಿಸಿ ಪಂದ್ಯ ತೀರ್ಮಾನಿಸುತ್ತಿದ್ದೆವು. ಬೇಳೆಯಿಲ್ಲದಿದ್ದರೂ ಬೆರಕೆಸೊಪ್ಪು ಬೇಯಿಸಿ, ಕಡಗೋಲಿನಲ್ಲಿ ಮಸೆದು, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುದಿಸಿದರೆ ರಾಗಿಮುದ್ದೆ ತಾನಾಗಿ ಗಂಟಲಿಗೆ ಇಳಿಯುತ್ತಿತ್ತು. ಆ ಎರಡು ವರ್ಷ ನಮ್ಮನ್ನು ಸಾಕಿದ್ದು ಅಮ್ಮನ ಕೂಲಿಗಿಂತ ಅಮ್ಮನ ಮಡಿಲು. ಇದನ್ನು ಅಳುತ್ತ ಹೇಳುತ್ತಿಲ್ಲ. ಸೊಪ್ಪು ತಿಂದು ಬೆಳೆದ ನನ್ನ ಹಲ್ಲು ಇವತ್ತಿಗೂ ಗಟ್ಟಿ.

ಸಂಜೆ ನಾವು ಕೇರಿಯ ಮಕ್ಕಳು ಪಾರ್ಕಿನ ಬೇಲಿಗೆ ಜೋತುಬಿದ್ದು ಬ್ಯಾಂಡ್ ಕೇಳುತ್ತಿದ್ದೆವು. ಒಳಗೆ ಹೋಗುವ ಮಾತೇ ಇರಲಿಲ್ಲ. ದೊಡ್ಡ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಬುಡೇನ್ ಸಾಬರು ಎಂಬ ಕಾವಲುಗಾರರು ಕೂತಿರುತ್ತಿದ್ದರು. ಬೂಟು ಹಾಕಿದ ಮಕ್ಕಳು ಬಂದರೆ ಎದ್ದು ಸಲಾಮು. ನಾವು ಗೇಟಿನ ಕಡೆ ಒಂದು ಹೆಜ್ಜೆ ಇಟ್ಟರೆ ಬೆತ್ತದಲ್ಲಿ ನೆಲಕ್ಕೆ ಒಂದು ಏಟು, ಚಲೋ ಚಲೋ. ಅವರು ಯಾವತ್ತೂ ನಮ್ಮ ಮೈಮೇಲೆ ಹೊಡೆಯಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. ಮಳೆ ಮೇಲಿಂದ ಬೀಳುವ ಹಾಗೆ ಇದೂ ಒಂದು ನಿಯಮ ಎಂದು ನಾನು ನಂಬಿಕೊಂಡಿದ್ದೆ.

ಆ ವರ್ಷ ಗಣೇಶನ ಹಬ್ಬ ಕಳೆದು ಮಳೆ ಕಡಿಮೆಯಾಗಿತ್ತು. ಬಿಸಿಲು ಬಿದ್ದ ಕೂಡಲೇ ಕಳೆ ಎದ್ದುಬಿಡುವ ದಿನಗಳವು. ಆಗಲೇ ಪಾರ್ಕಿಗೆ ಹೊಸ ಓವರ್ಸಿಯರ್ ಬಂದರು. ಬೆಂಗಳೂರಿನ ಕಡೆಯವರು, ಬಿಸಿಲಿಗೂ ಕೋಟು ಬಿಚ್ಚದ ಮನುಷ್ಯ. ಬಂದ ಹೊಸದರಲ್ಲಿ ಗುಲಾಬಿ ಪಾತಿಯಿಂದ ಹೂವು ಕಾಣೆಯಾಗುತ್ತಿವೆ ಎಂದು ಅವರ ಕಿವಿಗೆ ಬಿತ್ತು. ಹೂವು ಕದ್ದವರು ಯಾರು ಎಂದು ಊರಿಗೇ ಗೊತ್ತಿತ್ತು. ಬೂಟಿನ ಮಕ್ಕಳು ಕಿತ್ತು ಜೇಬಿಗೆ ಹಾಕಿಕೊಳ್ಳುವುದನ್ನು ಬೇಲಿಯಿಂದ ನಾನೇ ಎಷ್ಟು ಸಲ ನೋಡಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ ಬರೆ ಬಿದ್ದದ್ದು ಕಳೆ ಕೀಳುವವರಿಗೆ. ಇನ್ನುಮೇಲೆ ಪಾರ್ಕಿನಿಂದ ಒಂದು ಕಡ್ಡಿಯೂ ಹೊರಗೆ ಹೋಗಕೂಡದು, ಕಿತ್ತ ಕಳೆಯೆಲ್ಲ ಗೊಬ್ಬರದ ಗುಂಡಿಗೆ ಬೀಳಬೇಕು, ಕೆಲಸ ಮುಗಿಸಿ ಹೋಗುವ ಹೆಂಗಸರು ಗೇಟಿನಲ್ಲಿ ಮಡಿಲು ಕೊಡವಿ ತೋರಿಸಬೇಕು. ದೊಡ್ಡ ಗೇಟಿಗೆ ಹೊಸ ಬೋರ್ಡೂ ಬಂತು.

ಓವರ್ಸಿಯರ್ ಕೆಟ್ಟವರೇನಲ್ಲ ಎಂದು ಈಗ ನನ್ನ ವಯಸ್ಸಿಗೆ ಅನ್ನಿಸುತ್ತದೆ. ಗಿಡಕ್ಕೆ ಗೊಬ್ಬರ ಬೇಕು, ಕಳ್ಳತನ ನಿಲ್ಲಬೇಕು, ಅವರ ಯೋಚನೆ ಅಷ್ಟು. ಆದರೆ ಅವರಿಗೆ ಮಡಿಲೆಂದರೆ ಒಂದು ಚೀಲ. ಚೀಲವಾದರೆ ಕೊಡವಿ ನೋಡಬಹುದು. ನಮ್ಮಲ್ಲಿ ಮಡಿಲನ್ನು ತುಂಬುತ್ತಾರೆ. ತವರಿನಿಂದ ಹೊರಟ ಮಗಳಿಗೆ ತುಂಬುತ್ತಾರೆ, ಬಸುರಿಗೆ ತುಂಬುತ್ತಾರೆ. ತುಂಬಿದ ಮಡಿಲನ್ನು ಹಾದಿಯಲ್ಲಿ ಕೊಡವುವುದು ಶತ್ರುವಿಗೂ ಹೇಳುವ ಮಾತಲ್ಲ. ಹೆಂಡತಿ ಮಕ್ಕಳಿರುವ ಮನುಷ್ಯನಿಗೆ ಇದು ಹೇಗೆ ಗೊತ್ತಿರಲಿಲ್ಲವೋ ನನಗೆ ಇವತ್ತಿಗೂ ತಿಳಿಯದು.

ಮೊದಲ ಮೂರು ದಿನ ಹೆಂಗಸರು ಖಾಲಿ ಮಡಿಲಲ್ಲೇ ಹೊರಗೆ ಬಂದರು. ಕೊಡವಲು ಏನೂ ಇರಲಿಲ್ಲ. ಮನೆಯಲ್ಲಿ ಮುದ್ದೆಗೆ ಉಪ್ಪು, ಮೆಣಸಿನಪುಡಿ. ತಮ್ಮ ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಮೊಸರು ಹಾಳಾಗಿ ಹೋಗಲಿ, ಸೊಪ್ಪಿಗೂ ಗತಿಯಿಲ್ಲ ಎಂದು ಅಮ್ಮ ಒಲೆಯ ಮುಂದೆ ಕೂತು ಬೈದಳು. ಯಾರನ್ನು ಬೈದಳೋ, ಒಲೆಯನ್ನೋ.

ಗುರುವಾರ ಸಂಜೆ ನಾನು ಎಂದಿನ ಹಾಗೆ ಅಮ್ಮನನ್ನು ಕರೆದುಕೊಂಡು ಬರಲು ಹಿಂದಿನ ಗೇಟಿನ ಹತ್ತಿರ ನಿಂತಿದ್ದೆ. ಐವರಲ್ಲಿ ಚಿಕ್ಕವಳು ರುದ್ರಿ, ಏಳು ತಿಂಗಳ ಬಸುರಿ. ಬಾಯಿಗೆ ಏನೂ ಹಿಡಿಸುತ್ತಿಲ್ಲ, ಗಣಿಕೆಸೊಪ್ಪಿನ ಸಾರು ಉಂಡರೆ ಮಾತ್ರ ನಿಲ್ಲುತ್ತದೆ ಎಂದು ಅವಳು ಒಂದು ಹಿಡಿ ಚಿಗುರು ಮುರಿದಿಟ್ಟುಕೊಂಡಿದ್ದಳು. ಓವರ್ಸಿಯರ್ ಅವತ್ತು ಖುದ್ದಾಗಿ ಗೇಟಿನಲ್ಲಿ ನಿಂತಿದ್ದರು. ಮಡಿಲು ಕೊಡವು ಎಂದರು. ರುದ್ರಿ ನೆಲ ನೋಡಿದಳು. ಬಸುರಿ ಹೆಂಗಸು ಬಿಡಿ ಸ್ವಾಮಿ ಎಂದು ತಿಮ್ಮಕ್ಕ ಹೇಳಿದ್ದು ನನಗೆ ಕೇಳಿಸಿತು. ಅವರು ಗಡಿಯಾರ ನೋಡಿಕೊಂಡು ಇನ್ನೊಮ್ಮೆ ಹೇಳಿದರು. ರುದ್ರಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ತುದಿಯನ್ನು ಬಿಚ್ಚಿ ಕೊಡವಿದಳು. ಅಂಗೈಯಷ್ಟು ಸೊಪ್ಪು ನೆಲಕ್ಕೆ ಬಿತ್ತು. ಅದನ್ನು ಅವಳ ಕೈಯಲ್ಲೇ ಎತ್ತಿಸಿ ಗೊಬ್ಬರದ ಗುಂಡಿಗೆ ಹಾಕಿಸಿದರು. ಅಷ್ಟು ಹೊಟ್ಟೆ ಹೊತ್ತು ಬಗ್ಗಿ ಏಳುವಾಗ ಅವಳು ಗೇಟಿನ ಕಂಬ ಹಿಡಿದುಕೊಂಡಳು.

ದಾರಿಯುದ್ದಕ್ಕೂ ಅಮ್ಮ ಮಾತಾಡಲಿಲ್ಲ. ಅಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಬೈದರೆ ಭಯವಿಲ್ಲ, ಬಾಯಿ ಮುಚ್ಚಿದರೆ ಭಯ. ಮನೆ ಹತ್ತಿರ ಬಂದಾಗ ಕೇಳಿದಳು.

“ಚೌಡಿ, ಆ ಹೊಸ ಬೋರ್ಡು ಓದೋಕೆ ಬರುತ್ತೇನೇ ನಿಂಗೆ?”

ನಾನು ಮೂರನೇ ಕ್ಲಾಸು. ಬರುತ್ತೆ ಎಂದೆ.

“ನಾಳೆ ಹೋಗಿ ಓದ್ಕೊಂಡು ಬಾ. ಒಂದಕ್ಷರ ಬಿಡಬಾರದು.”

ಮಾರನೇ ಬೆಳಿಗ್ಗೆ ಸ್ಕೂಲಿಗೆ ಹೋಗುವ ಮೊದಲು ದೊಡ್ಡ ಗೇಟಿನ ಎದುರು ನಿಂತೆ. ಬುಡೇನ್ ಸಾಬರು ಅಭ್ಯಾಸದಂತೆ ಬೆತ್ತ ಎತ್ತಿದರು. ಒಳಗೆ ಬರಲ್ಲ, ಬೋರ್ಡು ಓದ್ತಿದ್ದೀನಿ ಎಂದೆ. ಅವರು ಬೆತ್ತ ಇಳಿಸಿ, ಜೋರಾಗಿ ಓದು ನೋಡೋಣ ಎಂದರು. ಅವರಿಗೂ ಕನ್ನಡ ಓದಲು ಬರುತ್ತಿರಲಿಲ್ಲ ಎಂಬುದು ನನಗೆ ಆವಾಗಲೇ ಗೊತ್ತಾದದ್ದು. ಓದಿದೆ. ಹೂವು ಕೀಳಕೂಡದು. ಸೈಕಲ್ ಒಳಗೆ ತರಕೂಡದು. ದನ, ನಾಯಿಗಳನ್ನು ಬಿಡಕೂಡದು. ಎಲ್ಲೆಂದರಲ್ಲಿ ಉಗುಳಕೂಡದು. ಪಾರ್ಕಿನ ಯಾವ ವಸ್ತುವನ್ನೂ ಹೊರಗೆ ಒಯ್ಯಕೂಡದು. ಐದು ಸಾಲು, ಕೆಳಗೆ ಒಂದು ರುಜು.

ಇನ್ನೊಮ್ಮೆ ಓದು ಎಂದರು. ಓದಿದೆ.

“ಮಕ್ಕಳದ್ದು ಎಲ್ಲೈತೆ?”

“ಇಲ್ಲ ಸಾಬ್ರೇ.”

“ಕೇರಿ ಮಕ್ಕಳು ಬರಬಾರ್ದು ಅಂತ?”

“ಎಲ್ಲೂ ಬರೆದಿಲ್ಲ.”

ಅವರು ಬಹಳ ಹೊತ್ತು ಬೋರ್ಡನ್ನೇ ನೋಡಿದರು. ಮೊದಲಿದ್ದ ಮಾಲಿ ಹೇಳಿದ್ದ, ಓಡಿಸ್ತಾ ಇದ್ದೆ ಎಂದು ತಮಗೆ ತಾವೇ ಹೇಳಿಕೊಂಡು ಸ್ಟೂಲಿನ ಮೇಲೆ ಕೂತರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಬೇಲಿಯ ತುಕ್ಕನ್ನು ಕೈಗೆ ಮೆತ್ತಿಕೊಂಡು ನಿಂತದ್ದು ಇಲ್ಲದ ಒಂದು ನಿಯಮಕ್ಕಾಗಿ! ಅಳು ಬಂತು. ಅಳಲಿಲ್ಲ, ಸ್ಕೂಲಿಗೆ ಹೊತ್ತಾಗಿತ್ತು.

ಸಂಜೆ ಅಮ್ಮನಿಗೆ ಐದೂ ಸಾಲು ಒಪ್ಪಿಸಿದೆ. ಒಳಗೆ ಉಣ್ಣಬಾರದು ಅಂತ ಇದೆಯಾ ಎಂದು ಕೇಳಿದಳು. ಇಲ್ಲ. ಒಲೆ ಹೂಡಬಾರದು ಅಂತ? ಇಲ್ಲ. ಅಮ್ಮ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಎದ್ದು ತಿಮ್ಮಕ್ಕನ ಮನೆಗೆ ಹೋದಳು, ಅಲ್ಲಿಂದ ರುದ್ರಿಯ ಮನೆಗೆ. ಬೇಡ ಮಾರಾಯ್ತಿ, ಇರೋ ಕೂಲಿನೂ ಹೋಗುತ್ತೆ ಎಂದು ಮಿಕ್ಕ ಇಬ್ಬರು ಮೊದಲು ಹಿಂದೆ ಸರಿದರಂತೆ. ಹೋದರೆ ನನ್ನದು ಹೋಗಲಿ, ಮಡಕೆ ನನ್ನದು, ಮಾತು ನನ್ನದು, ನೀವು ಕೂತು ಉಂಡರೆ ಸಾಕು ಎಂದು ಅಮ್ಮ ಹೇಳಿ ಬಂದಳು.

ಶನಿವಾರ ಬ್ಯಾಂಡಿನ ಸಂಜೆ. ಅಮ್ಮ ಹೇಳಿದ್ದಂತೆ ಮುದ್ದೆ ತೊಳಸಿ, ಬೋಗುಣಿಯಲ್ಲಿಟ್ಟು ಬಟ್ಟೆ ಮುಚ್ಚಿ, ತಮ್ಮನ ಕೈಗೆ ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿಯ ಗಂಟು ಕೊಟ್ಟು ನಾನು ಹೊರಟೆ. ಮಿಕ್ಕವರ ಮಕ್ಕಳು ಮೂವರು ನಮ್ಮ ಹಿಂದೆ. ದೊಡ್ಡ ಗೇಟಿನಿಂದಲೇ ಬರಬೇಕು ಎಂದು ಅಮ್ಮನ ಕಟ್ಟಪ್ಪಣೆ. ಗೇಟಿನ ಮುಂದೆ ಬಂದು ನಿಂತೆವು. ಬುಡೇನ್ ಸಾಬರು ನಮ್ಮನ್ನು ನೋಡಿದರು, ಬೋಗುಣಿಯನ್ನು ನೋಡಿದರು. ಆಮೇಲೆ ಎದ್ದು ಸ್ಟೂಲನ್ನು ರಸ್ತೆಯ ಕಡೆಗೆ ತಿರುಗಿಸಿ, ನಮಗೆ ಬೆನ್ನು ಹಾಕಿ ಕೂತರು.

ಹಾಗೆ ನಾನು ಪಾರ್ಕಿನೊಳಗೆ ಕಾಲಿಟ್ಟೆ. ಅಂಗಾಲಿಗೆ ಸಣ್ಣ ಕಲ್ಲಿನ ಹಾದಿ ಚುಚ್ಚಿತು. ಕತ್ತರಿಸಿದ ಹುಲ್ಲಿನ ವಾಸನೆ ಹೊರಗಿಗಿಂತ ಒಳಗೆ ಗಾಢವಾಗಿತ್ತು. ದೂರದಿಂದ ಅರಮನೆಯಂತೆ ಕಾಣುತ್ತಿದ್ದ ಮಂಟಪದ ಬಣ್ಣ ಹತ್ತಿರದಿಂದ ನೋಡಿದರೆ ಚಕ್ಕೆಚಕ್ಕೆಯಾಗಿ ಎದ್ದುಬಂದಿತ್ತು. ಬೇಲಿಯ ಆಚೆ ನಮ್ಮ ಕೇರಿಯ ಮಿಕ್ಕ ಮಕ್ಕಳು ಸರಳಿಗೆ ಮುಖ ಒತ್ತಿಕೊಂಡು ನಮ್ಮನ್ನೇ ನೋಡುತ್ತಿದ್ದರು.

ಅಮ್ಮ ಮೂಲೆ ಹುಡುಕಿರಲಿಲ್ಲ. ಮಂಟಪಕ್ಕೂ ಹೆಂಗಸರ ಬೆಂಚಿಗೂ ನಡುವೆ, ಹುಲ್ಲಿನ ಅಂಚಿನ ಬರಿನೆಲದಲ್ಲಿ ಮೂರು ಕಲ್ಲು ಇಟ್ಟಿದ್ದಳು. ಪಾರ್ಕಿನಲ್ಲೇ ಗುಡಿಸಿದ ಒಣಕಡ್ಡಿ, ಪಾರ್ಕಿನ ಬಾವಿಯ ನೀರು, ಪಾರ್ಕಿನ ಸೊಪ್ಪು. ಹೊರಗಿನದೆಂದರೆ ಮಡಕೆ, ಮುದ್ದೆ, ಉಪ್ಪುಖಾರ ಮತ್ತು ನಾವು. ಬ್ಯಾಂಡಿನವರು ವಾದ್ಯಗಳನ್ನು ಒರೆಸುತ್ತ ನೋಡಿದರು. ಬೆಂಚಿನ ಮೇಲಿನ ಹೆಂಗಸರು ಸೆರಗು ಸರಿಮಾಡಿಕೊಂಡು ನೋಡಿದರು. ಬ್ಯಾಂಡು ಶುರುವಾಯಿತು. ಅಷ್ಟರಲ್ಲಿ ಮಡಕೆ ಕುದಿ ಬಂದು, ಅಮ್ಮ ಜಜ್ಜಿದ ಬೆಳ್ಳುಳ್ಳಿ ಹಾಕಿದಳು. ಗುಲಾಬಿಯ ಪಾರ್ಕಿನಲ್ಲಿ ಬೆಳ್ಳುಳ್ಳಿಯ ಘಮ ಎದ್ದಿತು. ಮೂಗಿರುವವರಿಗೆಲ್ಲ ಗೊತ್ತಾಯಿತು.

ಓವರ್ಸಿಯರ್ ಓಡಿ ಬಂದರು. ಓಡಬಾರದು ಎಂದುಕೊಂಡು ಓಡುವವರು ಹೇಗೆ ಓಡುತ್ತಾರೋ ಹಾಗೆ. ಏನಿದು, ಯಾರ ಅಪ್ಪಣೆ, ಒಲೆ ಆರಿಸು ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಅಮ್ಮ ಕೂತಲ್ಲಿಂದ ಏಳಲಿಲ್ಲ, ಕಡಗೋಲು ತಿರುಗಿಸುತ್ತಲೇ ಇದ್ದಳು.

“ಹೊರಗೆ ಒಂದು ಕಡ್ಡಿನೂ ಹೋಗಬಾರದು ಅಂದ್ರಿ ಸ್ವಾಮಿ. ಹೋಗ್ತಿಲ್ಲ. ಇಲ್ಲೇ ಉಂಡು ಹೋಗ್ತೀವಿ.”

“ಬೋರ್ಡು ನೋಡಿಲ್ವಾ ನೀನು?”

“ನಂಗೆ ಓದೋಕೆ ಬರಲ್ಲ. ನನ್ನ ಮಗಳಿಗೆ ಬರುತ್ತೆ. ಚೌಡಿ, ಹೇಳೇ.”

ಬ್ಯಾಂಡು ನಿಂತಿತ್ತು. ನಾನು ಎದ್ದು, ಸ್ಕೂಲಿನಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಕೈಕಟ್ಟಿ ನಿಂತು, ಐದೂ ಸಾಲು ಹೇಳಿದೆ. ಮೊದಲ ಸಾಲು ಮೆಲ್ಲಗೆ ಬಂತು, ಐದನೆಯದು ಗಟ್ಟಿಯಾಗಿ. ಮುಗಿದ ಮೇಲೆ, ಕೆಳಗೆ ನಿಮ್ಮ ರುಜು ಇದೆ ಸಾರ್ ಎಂದೂ ಸೇರಿಸಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಹೇಳಿದ್ದು. ತುತ್ತೂರಿಯವನು ಮೊದಲು ನಕ್ಕ. ಆಮೇಲೆ ಬೆಂಚುಗಳ ಕಡೆಯಿಂದಲೂ ನಗೆ ಬಂತು.

ಓವರ್ಸಿಯರ್ ಮುಖ ಕೆಂಪಾಯಿತು. ಬುಡೇನ್ ಸಾಬರನ್ನು ಕೂಗಿ, ನೀರು ತಂದು ಈ ಒಲೆಗೆ ಸುರಿ ಎಂದರು. ಸಾಬರು ನಿಧಾನಕ್ಕೆ ಬಾವಿಯ ಕಡೆ ಹೋಗಿ ಒಂದು ಕೊಡ ನೀರು ಸೇದಿ ತಂದರು. ನಾನು ಕಣ್ಣು ಮುಚ್ಚಿಕೊಂಡೆ. ಸುರಿಯುವ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ, ಅವರು ಕೊಡವನ್ನು ಅಮ್ಮನ ಪಕ್ಕದಲ್ಲಿ ಇಳಿಸುತ್ತಿದ್ದರು.

“ಉಂಡ ಮೇಲೆ ಮಕ್ಕಳಿಗೆ ನೀರಡಿಕೆ ಆಗ್ತೈತೆ ಸಾರ್” ಎಂದು ಹೇಳಿ ಗೇಟಿಗೆ ವಾಪಸು ಹೋದರು.

ನಾವು ಉಂಡೆವು. ಹುಲ್ಲಿನ ಮೇಲೆ ಸಾಲಾಗಿ ಕೂತು, ಮುತ್ತುಗದೆಲೆಯಲ್ಲಿ, ಬಿಸಿ ಬಿಸಿ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ. ಮೊದಲ ಎಲೆ ರುದ್ರಿಗೆ. ಅವಳು ಎರಡನೇ ಸಲವೂ ಹಾಕಿಸಿಕೊಂಡಳು. ಅವತ್ತಿನ ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಲಿ. ಆದರೂ ಆಮೇಲೆ ಎಷ್ಟೋ ಮದುವೆ ಮನೆಗಳಲ್ಲಿ, ಹೋಟೆಲುಗಳಲ್ಲಿ ಉಂಡಿದ್ದೇನೆ, ಅಷ್ಟು ಬೆನ್ನು ನೆಟ್ಟಗೆ ಮಾಡಿಕೊಂಡು ಎಲ್ಲಿಯೂ ಉಂಡಿಲ್ಲ.

ಉಂಡು, ಎಲೆಗಳನ್ನು ಗೊಬ್ಬರದ ಗುಂಡಿಗೇ ಹಾಕಿ, ಬೂದಿ ಬಳಿದು, ಮಡಕೆ ತೊಳೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ತಿಮ್ಮಕ್ಕ ಉಳಿಸಿಟ್ಟಿದ್ದ ಗಣಿಕೆಸೊಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ರುದ್ರಿಯನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದಳು. ಅಕ್ಕಿಯಿಲ್ಲದ ಕಾಲ ತಾಯಿ, ಇದನ್ನೇ ಅಕ್ಕಿ ಅಂದ್ಕೋ ಎಂದು ಹೇಳಿ ಮೂರು ಸಲ ಮಡಿಲಿಗೆ ತುಂಬಿದಳು. ಅಮ್ಮ ತುಂಬಿದಳು. ಮಿಕ್ಕ ಇಬ್ಬರೂ ತುಂಬಿದರು. ರುದ್ರಿಯ ಕಣ್ಣಲ್ಲಿ ಗುರುವಾರ ಬಾರದ ನೀರು ಆಗ ಬಂತು. ತುಂಬಿದ ಮಡಿಲು ಹಿಡಿದುಕೊಂಡು ಅವಳು ದೊಡ್ಡ ಗೇಟಿನ ಕಡೆ ನಡೆದಳು, ನಾವೆಲ್ಲ ಹಿಂದೆ. ಹಿಂದಿನ ಗೇಟಿನ ನೆನಪು ಯಾರಿಗೂ ಬರಲಿಲ್ಲ.

ಓವರ್ಸಿಯರ್ ಅಡ್ಡ ಬಂದು ನಿಂತರು. ಈಗ ಮಾತ್ರ ನಿಯಮ ಅವರ ಕಡೆ ಇತ್ತು. ಐದನೇ ಸಾಲು. ಅವರು ಬಾಯಿ ತೆರೆಯುವುದರೊಳಗೆ ಹೆಂಗಸರ ಬೆಂಚಿನಿಂದ ಒಬ್ಬರು ಎದ್ದರು. ಅವರೇ ಓವರ್ಸಿಯರ್ ಹೆಂಡತಿ ಎಂದು ನಮಗೆ ತಿಳಿದದ್ದು ಅವರು ಕರೆದ ರೀತಿಯಿಂದ.

“ರೀ, ಈ ಕಡೆ ಬನ್ನಿ. ಬಸುರಿ ಮಡಿಲು ಅದು.”

ಮೆಲ್ಲಗೆ ಹೇಳಿದರು, ಆದರೆ ಎಲ್ಲರಿಗೂ ಕೇಳಿಸಿತು. ಆ ಮನುಷ್ಯ ಹೆಂಡತಿಯನ್ನು ನೋಡಿದರು, ರುದ್ರಿಯನ್ನು ನೋಡಿದರು. ನಿಯಮ ಅವರ ಬಾಯಲ್ಲೇ ಉಳಿಯಿತು. ಪಕ್ಕಕ್ಕೆ ಸರಿದರು.

ಭಾನುವಾರ ಅಪ್ಪ ಬರುವಷ್ಟರಲ್ಲಿ ರೈಲ್ವೆ ಸ್ಟೇಷನ್ನಿನಲ್ಲೇ ಅವನಿಗೆ ಸುದ್ದಿ ಸಿಕ್ಕಿತ್ತು. ಬಡವನ ಕೋಪ ದವಡೆಗೆ ಮೂಲ ಎಂದು ಅಂಗಳದಲ್ಲಿ ನಿಂತೇ ರೇಗಿದ. ದವಡೆ ನಂದಲ್ವಾ, ನಿಮ್ಮನ್ನೇನು ಕೇಳಿಲ್ವಲ್ಲ ಎಂದು ಅಮ್ಮ ಒಳಗಿನಿಂದ ಹೇಳಿದಳು. ಅಪ್ಪನ ಮಾತು ಸುಳ್ಳಾಗಲಿಲ್ಲ. ಸೋಮವಾರ ಬೆಳಿಗ್ಗೆ ಅಮ್ಮನಿಗೆ ಕೆಲಸ ಇಲ್ಲ ಎಂದರು. ಮಿಕ್ಕ ನಾಲ್ವರನ್ನು ಇಟ್ಟುಕೊಂಡರು. ಮಡಿಲು ಕೊಡವಿಸುವುದು ಆವತ್ತೇ ನಿಂತಿತು. ಯಾರೂ ನಿಲ್ಲಿಸಿ ಎಂದು ಹೇಳಲಿಲ್ಲ, ನಿಂತಿತು. ಕೇರಿಯ ಮಕ್ಕಳು ದೊಡ್ಡ ಗೇಟಿನಿಂದ ಒಳಗೆ ಹೋಗತೊಡಗಿದರು. ಬುಡೇನ್ ಸಾಬರು ಸಲಾಮು ಮಾಡುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ.

ನಾನು ಮಾತ್ರ ಆ ಸುಖ ನೋಡಲಿಲ್ಲ. ಒಂದು ತಿಂಗಳಲ್ಲಿ ನಾವು ಶಿವಮೊಗ್ಗ ಬಿಟ್ಟು ಅಪ್ಪನ ಜೊತೆ ಭದ್ರಾವತಿಗೆ ಹೋದೆವು. ಅಲ್ಲಿ ಅಮ್ಮನಿಗೆ ಇದ್ದಿಲು ಹೊರುವ ಕೆಲಸ ಸಿಕ್ಕಿತು. ಹಸಿರು ಮೆತ್ತಿಕೊಂಡು ಬರುತ್ತಿದ್ದ ಅವಳ ಬೆರಳು ಕಪ್ಪು ಮೆತ್ತಿಕೊಂಡು ಬರತೊಡಗಿದವು. ಅಕ್ಕಪಕ್ಕದ ಮನೆಗಳಲ್ಲಿ ತಮಿಳು, ತೆಲುಗು. ನನಗೆ ಸ್ಕೂಲು ಸಿಗಲು ಆರು ತಿಂಗಳಾಯಿತು. ಇದನ್ನೆಲ್ಲ ಮುಚ್ಚಿಟ್ಟು ನಮ್ಮಮ್ಮ ಗೆದ್ದಳು ಎಂದಷ್ಟೇ ಬರೆದರೆ ಸುಳ್ಳಾಗುತ್ತದೆ. ಗೆದ್ದದ್ದು ನಾಲ್ವರು, ಕಳೆದುಕೊಂಡದ್ದು ಅವಳು. ಒಮ್ಮೆ ಅವಳ ಕೆಮ್ಮು ಕೇಳಲಾರದೆ, ಸುಮ್ಮನಿದ್ದಿದ್ದರೆ ಇನ್ನೂ ಪಾರ್ಕಿನಲ್ಲೇ ಇರುತ್ತಿದ್ದೆಯಲ್ಲಮ್ಮ ಎಂದು ಅಂದುಬಿಟ್ಟೆ.

“ಹೌದು, ಇರ್ತಿದ್ದೆ. ನೀನು ಬೇಲಿ ಹತ್ರ ಇರ್ತಿದ್ದೆ” ಎಂದಳು. ಇನ್ನೊಮ್ಮೆ ಆ ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಅಮ್ಮ ಹೋಗಿ ಬಹಳ ವರ್ಷವಾಯಿತು. ಈಚೆಗೆ ಶಿವಮೊಗ್ಗಕ್ಕೆ ಹೋದಾಗ ಒಬ್ಬಳೇ ಪಾರ್ಕಿಗೆ ಹೋದೆ. ಈಗ ಒಳಗೆ ಹೋಗಲು ಯಾರೂ ಯಾರನ್ನೂ ತಡೆಯುವುದಿಲ್ಲ, ಸಂತೋಷ. ಮಕ್ಕಳ ಗಲಾಟೆ, ಜೋಳ ಸುಡುವ ಗಾಡಿ, ಜೋಡಿಗಳು. ಗಿಡದ ಪಾತಿಯಲ್ಲಿ ಮೂರು ಜನ ಹೆಂಗಸರು, ಸೀರೆಯ ಮೇಲೆ ಒಂದೇ ಬಣ್ಣದ ಕೋಟು ತೊಟ್ಟು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಪಕ್ಕದ ಕಸದ ತಳ್ಳುಗಾಡಿಯ ತುಂಬ ಗಣಿಕೆ, ಹೊನಗೊನೆ, ಬೇರುಸಹಿತ ಬಾಡುತ್ತ ಬಿದ್ದಿತ್ತು. ಹತ್ತಿರ ಹೋಗಿ, ಇಷ್ಟು ಒಳ್ಳೆ ಸೊಪ್ಪು, ಮನೆಗೆ ತಗೊಂಡು ಹೋಗಲ್ವೇನಮ್ಮ ಎಂದು ಒಬ್ಬಳನ್ನು ಕೇಳಿದೆ. ಮೂವತ್ತರ ಹರೆಯದ ಹೆಂಗಸು, ಮಲವಗೊಪ್ಪದಿಂದ ದಿನಾ ಬರುತ್ತಾಳಂತೆ. ಸೊಪ್ಪಿನ ಹೆಸರು ಅವಳಿಗೂ ಗೊತ್ತಿತ್ತು.

“ತಗೊಂಡು ಹೋಗೋ ಹಾಗಿಲ್ಲ ಅಜ್ಜಿ. ಹೋಗುವಾಗ ಗೇಟಲ್ಲಿ ಚೆಕ್ ಮಾಡ್ತಾರೆ. ಕಂಟ್ರಾಕ್ಟರ್ ಬೈತಾರೆ.”

“ಯಾವಾಗಿಂದ?”

ಅವಳು ಮಣ್ಣಿನ ಕೈಯಲ್ಲಿ ಹಣೆ ಒರೆಸಿಕೊಂಡು, ಎಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿದಳು.

“ಮೊದಲಿಂದನೂ ಹಂಗೇ ಅಂತೆ.”

ಮಂಟಪ ಹೋಗಿದೆ, ಬ್ಯಾಂಡು ಹೋಗಿದೆ, ಆ ಜನ ಎಲ್ಲ ಹೋಗಿದ್ದಾರೆ. ಅದಕ್ಕೆಲ್ಲ ನಾನು ಅತ್ತಿಲ್ಲ. ನಮ್ಮಮ್ಮ ಇದ್ದಿಲು ಹೊತ್ತು ಉಳಿಸಿಕೊಟ್ಟದ್ದು ಎಲ್ಲಿ, ಯಾವತ್ತು, ಯಾರ ಕೈತಪ್ಪಿ ಹೋಯಿತೋ ಒಬ್ಬರಿಗೂ ಗೊತ್ತಿಲ್ಲ. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು. ಆದರೆ ನಾನು ಹಾಲಮ್ಮನ ಮಗಳು. ಮೊಣಕಾಲು ನೋವಿದ್ದರೂ ಸೀರೆ ಎತ್ತಿಕಟ್ಟಿ ಅವಳ ಪಕ್ಕದಲ್ಲಿ, ಮಣ್ಣಿನಲ್ಲೇ ಕೂತೆ.

“ಮೊದಲಿಂದ ಹಂಗಲ್ಲ ಕಣಮ್ಮ” ಎಂದೆ. “ಆ ಇಬ್ಬರನ್ನೂ ಕರಿ. ಹೇಳ್ತೀನಿ.”